ಹನ್ನೆರಡನೆಯ ದುರ್ಗದ ಮೇಲೆ ಕಂಡದ್ದು

ಹೊಸೂರು
12 ನವೆಂಬರ್ 1945

ಚಿ. ಗೋಪೀನಾಥನಿಗೆ ಶಾಂತಕ್ಕನ ಆಶೀರ್ವಾದ.

ದೀಪಾವಳಿಗೆ ಖಂಡಿತ ಬರುತ್ತೇನೆ, ಈ ಸಲ ರಾಯಕೋಟೆಯಿಂದಲೇ ಶುರು ಮಾಡೋಣ ಎಂದು ನೀನು ಮೂರು ಕಾರ್ಡು ಬರೆದೆ. ನಾನು ಶಾಲೆಗೆ ರಜೆ ಚೀಟಿ ಕೊಟ್ಟು, ಚಕ್ಕುಲಿ ಕರಿದು, ನಿನ್ನ ಭಾವನವರ ಕ್ಯಾನ್ವಾಸು ಬೂಟಿಗೆ ಹೊಸ ದಾರ ಹಾಕಿಸಿ ಕಾದದ್ದೇ ಬಂತು. ನಾಲ್ಕನೆಯ ಕಾರ್ಡಿನಲ್ಲಿ ರೈಲ್ವೆ ಆಫೀಸಿನವರು ರಜೆ ಕೊಡಲಿಲ್ಲ ಎಂದು ಬಂತು. ಹೋದ ವರ್ಷವೂ ಇದೇ ಮಾತು, ಅದರ ಹಿಂದಿನ ವರ್ಷವೂ ಇದೇ ಮಾತು. ನೀನು ಮದರಾಸಿಗೆ ಹೋದ ಮೇಲೆ ನಿನ್ನ ಕಾರ್ಡುಗಳು ಮಾತ್ರ ತಪ್ಪದೆ ಮನೆಗೆ ಬರುತ್ತಿವೆ.

ನಮ್ಮ ಮನೆಯಲ್ಲಿದ್ದು ಓದುತ್ತಿದ್ದಾಗ ನೀನು ನಡುಮನೆಯ ಗೋಡೆಗೆ ಅಂಟಿಸಿದ ಪಟ್ಟಿ ಹಾಗೇ ಇದೆ. ಬಾರಾಮಹಲು ಸೀಮೆಯ ಹನ್ನೆರಡು ದುರ್ಗಗಳು. ಆ ಹನ್ನೆರಡು ಯಾವುವು ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಮಗೆ ನಿನ್ನ ಪಟ್ಟಿಯೇ ಪ್ರಮಾಣ. ರಾಯಕೋಟೆಯ ಮುಂದೆ ನೀನು 1938ರಲ್ಲಿ ಹಾಕಿದ ಗುರುತೂ ಇದೆ. ಉಳಿದ ಹನ್ನೊಂದನ್ನು ಅಕ್ಕನನ್ನೂ ಕರೆದುಕೊಂಡೇ ಹತ್ತುತ್ತೇನೆ ಎಂದು ಅವತ್ತು ದೊಡ್ಡ ಗಂಟಲಿನಲ್ಲಿ ಹೇಳಿದ್ದೆ. ಹದಿಮೂರು ವರ್ಷದಿಂದ ಹೆಣ್ಣುಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಿದ್ದೇನೆ. ದುರ್ಗ ಎಂದರೇನು ಎಂದು ಪುಸ್ತಕ ನೋಡಿಯೇ ಹೇಳುತ್ತೇನೆ. ನನಗೆ ಅದು ಸಾಕಾಗಿಹೋಗಿದೆ.

ಆದ್ದರಿಂದ ಮೊನ್ನೆ ಶನಿವಾರ ನಿನ್ನನ್ನು ಬಿಟ್ಟು ಹೋದೆ. ಮನೆಗೆ ಸೀಗೆಕಾಯಿ ತಂದುಕೊಡುವ ಕದಿರಮ್ಮ ನಿನಗೆ ಗೊತ್ತಲ್ಲ, ರಾಯಕೋಟೆಯ ಕಡೆಯವಳು. ಅವಳೂ ಅವಳ ಓರಗಿತ್ತಿ ಬೈರಮ್ಮನೂ ವರ್ಷವೆಲ್ಲ ಆ ಬೆಟ್ಟಗಳ ಮೇಲೇ ಇರುತ್ತಾರೆ. ಸೀಗೆಕಾಯಿ, ಹುಣಸೆ, ಪೊರಕೆ ಹುಲ್ಲು, ಹೀಗೆ. ನಾನೂ ಬರಲೇ ಎಂದು ಕೇಳಿದ್ದಕ್ಕೆ ಇಬ್ಬರೂ ನಕ್ಕುಬಿಟ್ಟರು. ಯುದ್ಧದ ಕಾಲದಲ್ಲಿ ಸಣ್ಣ ರೈಲಿನ ಕಂಬಿ ಕಿತ್ತುಕೊಂಡು ಹೋದ ಮೇಲೆ ರಾಯಕೋಟೆಗೆ ಇದ್ದಿಲು ಉರಿಸಿ ಓಡಿಸುವ ಬಸ್ಸೇ ಗತಿ. ಅದು ಏರು ಬಂದಾಗಲೆಲ್ಲ ನಿಂತು ಕೆಮ್ಮುತ್ತದೆ. ಬೆಟ್ಟ ಹತ್ತಿದ್ದಕ್ಕಿಂತ ಬಸ್ಸು ತಳ್ಳಿದ್ದೇ ಹೆಚ್ಚು ಆಯಾಸವಾಯಿತು.

ಬೂಟು ಬಂಡೆಯ ಮೇಲೆ ಜಾರುತ್ತದೆ ಎಂದು ಕದಿರಮ್ಮ ಬಿಚ್ಚಿಸಿದಳು. ಸೀರೆಯನ್ನು ಅವರ ಹಾಗೆ ಕಚ್ಚೆ ಹಾಕಿ ಕಟ್ಟಿದಳು. ಕಡಿದಾದ ಕಡೆ ಅವರು ಸೀಗೆಕಾಯಿ ಕೀಳುವ ದೋಟಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮೇಲಕ್ಕೆ ಎಳೆದರು, ಬೈರಮ್ಮ ಹಿಂದಿನಿಂದ ಹೆಗಲು ಕೊಟ್ಟಳು. ಹೀಗೆ ನಿನ್ನ ರಾಯಕೋಟೆ ಈಗ ನನ್ನದೂ ಆಯಿತು. ನಿನ್ನ ಗುರುತಿನ ಪಕ್ಕದಲ್ಲಿ ನನ್ನ ಗುರುತು ಹಾಕಿದ್ದೇನೆ. ಇನ್ನು ನೀನು ಬಂದರೆ ಬಾ, ಬರದಿದ್ದರೆ ಬಿಡು.

ಶಾಂತಕ್ಕ

*

ಮದರಾಸು
26 ನವೆಂಬರ್ 1945

ನನ್ನ ಪ್ರೀತಿಯ ಅಕ್ಕನಿಗೆ ಗೋಪಿಯ ನಮಸ್ಕಾರಗಳು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇಲ್ಲಿ ಭಾನುವಾರ ನಾವು ಕನ್ನಡದವರು ಏಳೆಂಟು ಜನ ಒಂದು ಕಡೆ ಸೇರುತ್ತೇವೆ. ಅಲ್ಲಿಯೂ ಓದಿದೆ. ಎಲ್ಲರೂ ತಲೆದೂಗಿದರು. ಬೈಯುವಾಗಲೂ ನಿನ್ನ ಕೈಬರಹ ದುಂಡಗಿರುತ್ತದೆ.

ನನ್ನ ಮೇಲೆ ಕೋಪ ಬೇಡ. ಯುದ್ಧ ಮುಗಿದರೂ ಇಲ್ಲಿ ಕೆಲಸ ಮುಗಿಯಲಿಲ್ಲ. ನೀನು ನಿಲ್ಲಿಸದೆ ಹತ್ತುತ್ತಾ ಹೋಗು, ನಾನು ಬಂದಾಗ ಉಳಿದದ್ದರಲ್ಲಿ ಸೇರಿಕೊಳ್ಳುತ್ತೇನೆ. ಆದರೆ ಒಂದು ಕೋರಿಕೆ. ಹೋದಲ್ಲೆಲ್ಲ ಏನೇನು ನೋಡಿದೆ ಎಂದು ವಿವರವಾಗಿ ಬರೆ. ಬಾಗಿಲುಗಳು ಎಷ್ಟು, ಯಾವ ದಿಕ್ಕಿಗೆ, ಕೊಳದಲ್ಲಿ ನೀರು ಇದೆಯೇ, ಕಲ್ಲಿನ ಬಣ್ಣ, ಮೇಲಿನಿಂದ ಏನು ಕಾಣುತ್ತದೆ, ಹೆಂಗಸರು ದಾರಿಯಲ್ಲಿ ಏನು ಮಾತಾಡಿದರು, ಎಲ್ಲ. ಮದರಾಸಿನ ಮೂರನೆಯ ಮಹಡಿಯಲ್ಲಿ ಕುಳಿತವನಿಗೆ ಅದೇ ಬೆಟ್ಟ. ಕಾರ್ಡು ಸಾಲದು, ಲಕೋಟೆಯಲ್ಲಿ ಬರೆ.

ಇದನ್ನು ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಬೇಡ. ಜನರ ಬಾಯಿ ನಿನಗೆ ಗೊತ್ತೇ ಇದೆ.

ನಿನ್ನ
ಗೋಪಿ

*

ಹೊಸೂರು
4 ಫೆಬ್ರುವರಿ 1946

ಚಿ. ಗೋಪಿಗೆ ಆಶೀರ್ವಾದ.

ಐದು ಮುಗಿಯಿತು. ಮೊನ್ನೆ ಕಣಿವೆದುರ್ಗ. ಜನ ಬಾಯಿಗೆ ಬಂದಂತೆ ಆಡುತ್ತಾರೆ ಎಂದು ನೀನು ಬರೆದದ್ದು ಸರಿಯೇ. ಶಾಲೆಯ ಮೇಲ್ವಿಚಾರಕರು ಕರೆಸಿ, ಉಪಾಧ್ಯಾಯಿನಿಯವರು ಸೀಗೆಕಾಯಿಯವರ ಜೊತೆ ಕಾಡಿಗೆ ಹೋಗುತ್ತಾರಂತೆ, ಏನು ವಿಷಯ ಎಂದು ಕೇಳಿದರು. ತಲೆಗೆ ಹಾಕಿಕೊಳ್ಳಲು ಸೀಗೆಕಾಯಿ ಬೇಕು ಸ್ವಾಮಿ ಎಂದೆ. ಅವರ ತಲೆಯಲ್ಲಿ ಕೂದಲಿಲ್ಲ.

ನೀನು ವಿವರ ಬೇಕು ಎನ್ನುತ್ತೀ, ಸರಿ ಕೇಳು. ಕಣಿವೆದುರ್ಗಕ್ಕೆ ಎರಡು ಸುತ್ತು ಗೋಡೆ. ಮೊದಲನೆಯದು ಬಿದ್ದುಹೋಗಿದೆ. ಎರಡನೆಯ ಗೋಡೆಯ ಕೆಳಗೆ, ಬಡಗಣ ಮಗ್ಗುಲಿನಲ್ಲಿ, ಹೊರಗಿನಿಂದ ಕಾಣದ ಒಂದು ಹಳ್ಳವಿದೆ. ಅಲ್ಲಿ ಸೀಗೆ ಮೆಳೆ. ಅಷ್ಟು ದಟ್ಟವಾದದ್ದು ನಾನು ಎಲ್ಲೂ ನೋಡಿಲ್ಲ, ಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಕದಿರಮ್ಮ ಬೈರಮ್ಮನವರ ಇಡೀ ವರ್ಷದ ಊಟ ಆ ಹಳ್ಳದಲ್ಲಿದೆ. ಮೊದಲ ಹಿಡಿ ಕಾಯಿಯನ್ನು ಬೆಟ್ಟದಮ್ಮನಿಗೆಂದು ಬಂಡೆಯ ಮೇಲಿಟ್ಟು ಆಮೇಲೆ ದೋಟಿ ಎತ್ತುತ್ತಾರೆ. ಒಬ್ಬಳು ಕೀಳುವಾಗ ಇನ್ನೊಬ್ಬಳು 'ಕೂ' ಎನ್ನುತ್ತಿರಬೇಕು, ಕರಡಿಗೆ ಗೊತ್ತಾಗಲಿ ಎಂದು. ನಾನೂ 'ಕೂ' ಎಂದೆ. ನನ್ನ ಕೂಗು ಪಾಠ ಒಪ್ಪಿಸಿದ ಹಾಗಿದೆಯಂತೆ.

ಇಳಿಯುವಾಗ ಕದಿರಮ್ಮ ಒಂದು ಮಾತು ಹೇಳಿದಳು. "ಬೆಟ್ಟದ್ ಮ್ಯಾಲೆ ಕಂಡಿದ್ದು ಕೆಳಕ್ಕೆ ಬಂದು ಹೇಳ್ಬಾರ್ದು ಕಣಮ್ಮ. ಹೇಳುದ್ರೆ ಅದು ನಮ್ದಾಗಿ ಇರಲ್ಲ." ಅವರ ಕುಲದಲ್ಲಿ ಹೆಂಡತಿ ಗಂಡನಿಗೂ ಹೇಳುವುದಿಲ್ಲವಂತೆ. ಅತ್ತೆ ಸೊಸೆಗೆ ಮಾತ್ರ ತೋರಿಸುತ್ತಾಳೆ. ನಾನು ಆಗಲಿ ಎಂದು ತಲೆಯಾಡಿಸಿದೆ. ಈಗ ನಿನಗೆ ಹೇಳುತ್ತಿದ್ದೇನೆ. ನೀನು ಇನ್ನೂರು ಮೈಲಿ ದೂರದ ಮಹಡಿಯಲ್ಲಿದ್ದೀ, ನಿನಗೆ ಹೇಳಿದರೆ ಹೇಳಿದ ಲೆಕ್ಕವಲ್ಲ.

ಯುಗಾದಿಗಾದರೂ ಬರುತ್ತೀಯಾ?

ಶಾಂತಕ್ಕ

*

ಮದರಾಸು
20 ಫೆಬ್ರುವರಿ 1946

ಅಕ್ಕನಿಗೆ ನಮಸ್ಕಾರಗಳು.

ಇಂಥ ಕಾಗದ ಬರೆಯುವವಳು ಇಷ್ಟು ವರ್ಷ ಬರೀ ಹಾಜರಿ ಪುಸ್ತಕ ಬರೆದಳಲ್ಲ ಎಂದು ನನಗೆ ಬೇಸರವಾಗುತ್ತದೆ.

ಕೆಲವು ಪ್ರಶ್ನೆಗಳಿವೆ. ಆ ಹಳ್ಳಕ್ಕೆ ಇಳಿಯುವ ದಾರಿ ಎರಡನೆಯ ಬಾಗಿಲಿನ ಒಳಗಿನಿಂದಲೋ ಹೊರಗಿನಿಂದಲೋ? ಕೃಷ್ಣಗಿರಿಯ ಬೆಟ್ಟ ಅಲ್ಲಿಂದ ಯಾವ ಕೈಗೆ ಕಾಣುತ್ತದೆ? 'ಕೂ' ಎನ್ನುವುದು ಉದ್ದವಾಗಿಯೋ ಬಿಟ್ಟು ಬಿಟ್ಟೋ? ಒಂದು ನಕ್ಷೆ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.

ಯುಗಾದಿಗೆ ಕಷ್ಟ. ಬೇಸಿಗೆಯಲ್ಲಿ ನೋಡೋಣ.

ಗೋಪಿ

*

ಹೊಸೂರು
16 ಸೆಪ್ಟೆಂಬರ್ 1946

ಚಿ. ಗೋಪಿಗೆ ಆಶೀರ್ವಾದ.

ಬೇಸಿಗೆಯೂ ಹೋಯಿತು, ನೀನೂ ಬರಲಿಲ್ಲ. ನಾನು ಹನ್ನೊಂದು ಮುಗಿಸಿದ್ದೇನೆ. ಗೋಡೆಯ ಪಟ್ಟಿಯಲ್ಲಿ ಒಂಟಿದುರ್ಗ ಒಂದೇ ಬಾಕಿ. ಹತ್ತನೆಯದರಲ್ಲಿ ಮಳೆ ಹಿಡಿದು ಒಂದು ಬಂಡೆಯ ಕೆಳಗೆ ಮೂರು ಗಂಟೆ ಕುಳಿತೆವು. ಹನ್ನೊಂದನೆಯದರಲ್ಲಿ ಕಾಲಿಗೆ ಮುಳ್ಳು ಮುರಿದು, ಬೈರಮ್ಮ ನನ್ನನ್ನು ಅರ್ಧ ಮೈಲಿ ಬೆನ್ನ ಮೇಲೆ ಹೊತ್ತಳು. ಅವಳು ನನಗಿಂತ ಒಂದು ಗೇಣು ಕುಳ್ಳಿ. ನಾನು ಬೇಡ ಬೇಡ ಎಂದರೆ, ಸೀಗೆಮೂಟೆ ಮಾತಾಡುವುದಿಲ್ಲ, ನೀನೂ ಮಾತಾಡಬೇಡ ಎಂದಳು.

ಒಂಟಿದುರ್ಗ ಎಲ್ಲಕ್ಕಿಂತ ಕಡಿದು. ಹೋದರೆ ಸೀಗೆಯ ಸುಗ್ಗಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಎಂದಿದ್ದಾಳೆ ಕದಿರಮ್ಮ. ಆ ಒಂದಕ್ಕಾದರೂ ನೀನು ಬಾ. ಪಟ್ಟಿ ನಿನ್ನದು. ಕೊನೆಯದನ್ನು ನೀನಿಲ್ಲದೆ ಮುಗಿಸುವುದಕ್ಕೆ ನನಗೆ ಮನಸ್ಸು ಬಾರದು. ಇದನ್ನು ಬೈಗುಳ ಎಂದು ಓದಬೇಡ.

ಶಾಂತಕ್ಕ

*

ಮದರಾಸು
9 ಅಕ್ಟೋಬರ್ 1946

ಅಕ್ಕನಿಗೆ ನಮಸ್ಕಾರಗಳು.

ಸಂಕ್ರಾಂತಿಯ ತನಕ ಏಕೆ ಕಾಯಬೇಕು? ದೀಪಾವಳಿಯ ರಜೆಯಲ್ಲಿಯೇ ಒಂಟಿದುರ್ಗ ಮುಗಿಸಿಬಿಡು. ಡಿಸೆಂಬರಿನ ಒಳಗೆ ಹನ್ನೆರಡೂ ಪೂರ್ತಿಯಾದರೆ ಚೆನ್ನ. ನನಗಾಗಿ ಕಾಯಬೇಡ, ನಾನು ಬರುವುದು ದೇವರ ಕೈಯಲ್ಲಿದೆ. ಹೋಗಿಬಂದ ಮಾರನೆಯ ದಿನವೇ ಬರೆ, ನೆನಪು ಹಸಿಯಾಗಿರುವಾಗಲೇ.

ಅವಸರದಲ್ಲಿ,
ಗೋಪಿ

*

ಹೊಸೂರು
27 ಜನವರಿ 1947

ಚಿ. ಗೋಪಿಗೆ ಆಶೀರ್ವಾದ.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ, ಸಿಕ್ಕಿದವನು ನೀನು. ಸಂಕ್ರಾಂತಿ ಕಳೆದು ಎರಡು ವಾರವಾಯಿತು, ಕದಿರಮ್ಮ ಬಂದಿಲ್ಲ. ಸಂತೆಯಲ್ಲೂ ಇಲ್ಲ. ಕಾಯಿಲೆಯೇನೋ ಎಂದು ಜ್ವರದ ಪುಡಿ ಕಟ್ಟಿಕೊಂಡು ಅವಳ ಹಳ್ಳಿಗೇ ಹೋದೆ. ಅಂಗಳದಲ್ಲಿ ಕುಳಿತು ರಾಗಿ ಬೀಸುತ್ತಿದ್ದಳು, ಗುಂಡುಕಲ್ಲಿನ ಹಾಗಿದ್ದಳು. ನನ್ನನ್ನು ನೋಡಿದವಳೇ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಬೈರಮ್ಮ ಬೇಲಿಯ ಆಚೆಯಿಂದ, ಇವತ್ತು ಪುರಸೊತ್ತಿಲ್ಲ ಎಂದಳು. ನಾಳೆ ಎಂದೆ. ನಾಳೆಯೂ ಇಲ್ಲ ಎಂದಳು.

ನಾನು ಏನು ಮಾಡಿದೆ? ಹನ್ನೊಂದು ಬೆಟ್ಟ ಒಟ್ಟಿಗೆ ಹತ್ತಿದವರು ಹೀಗೆ ಮಾಡುತ್ತಾರೆಯೇ? ಹೋದ ಸಲ ಕೊಟ್ಟ ಹಳೆಯ ಸೀರೆ ಹರಿದಿತ್ತು ಎಂದು ಅವಮಾನವಾಯಿತೋ, ಮೇಲ್ವಿಚಾರಕರು ಅವರನ್ನೂ ಕರೆಸಿ ಹೆದರಿಸಿದರೋ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಆ ಸಿಟ್ಟಿನಲ್ಲೇ ಮೊನ್ನೆ ಶನಿವಾರ ನಿನ್ನ ಭಾವನವರನ್ನು ಎಬ್ಬಿಸಿಕೊಂಡು ಒಂಟಿದುರ್ಗಕ್ಕೆ ಹೊರಟೆ. ಕಾಲು ಭಾಗ ಹತ್ತುವಷ್ಟರಲ್ಲಿ ಅವರು ಒಂದು ಚಪ್ಪಟೆ ಬಂಡೆ ಹುಡುಕಿ ಕುಳಿತರು. ಕಟ್ಟಿದ ಪುಳಿಯೋಗರೆ ಅಲ್ಲೇ ಬಿಚ್ಚಿದರು. ನನ್ನ ಪಾಲಿನದನ್ನೂ ತಿಂದು, ಶಾಂತಾ, ಇಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದಲ್ಲ ಎಂದರು. ನಾನು ಒಬ್ಬಳೇ ಇನ್ನಷ್ಟು ಹೋದೆ. ಮುಂದೆ ಬೋಳು ಬಂಡೆ, ಹಿಡಿಯಲು ಏನೂ ಇಲ್ಲ, ಮೇಲಿನಿಂದ ದೋಟಿ ಚಾಚುವವರೂ ಇಲ್ಲ. ವಾಪಸು ಬಂದೆ. ಒಂದು ಬಂಡೆಯಷ್ಟಕ್ಕೆ ಹನ್ನೆರಡು ಹನ್ನೊಂದಾಗಿಯೇ ಉಳಿದಿದೆ. ಪಟ್ಟಿಯನ್ನು ಹರಿದು ಒಲೆಗೆ ಹಾಕೋಣ ಎನ್ನಿಸುತ್ತಿದೆ.

ಶಾಂತಕ್ಕ

*

ಮದರಾಸು
1 ಫೆಬ್ರುವರಿ 1947

ಅಕ್ಕನಿಗೆ ನಮಸ್ಕಾರಗಳು.

ಅಷ್ಟಕ್ಕೆಲ್ಲ ಪಟ್ಟಿ ಹರಿಯಬೇಡ. ಆ ಹೆಂಗಸರ ಮುನಿಸು ಎರಡು ದಿನದ್ದು, ಹೊಸ ಸೀರೆ ಕೊಟ್ಟರೆ ಸರಿಹೋಗುತ್ತಾರೆ. ಬೇರೆ ಯಾರಾದರೂ ಆಳು ಸಿಕ್ಕರೂ ಆಯಿತು.

ಅಲ್ಲಿಯವರೆಗೆ, ಅರ್ಧ ದಾರಿಯವರೆಗೆ ನೀನು ನೋಡಿದ್ದನ್ನು ಬರೆ. ಆ ಬೋಳು ಬಂಡೆ ಎಷ್ಟು ಎತ್ತರ, ಅದರ ಕೆಳಗೆ ಯಾವ ಗಿಡಗಳು, ಅಷ್ಟು ಸಾಕು. ಉಳಿದದ್ದನ್ನು ನಾನು ಹೇಗೋ ಊಹಿಸಿಕೊಳ್ಳುತ್ತೇನೆ. ಇದೇ ವಾರದಲ್ಲಿ ಬರೆಯುತ್ತೀಯಲ್ಲ?

ಗೋಪಿ

*

ಹೊಸೂರು
17 ಫೆಬ್ರುವರಿ 1947

ಗೋಪೀನಾಥ,

ನಿನ್ನ ಭಾವನವರು ರೀಡಿಂಗ್ ರೂಮಿಗೆ ಇಸ್ಪೀಟು ಆಡಲು ಹೋಗುತ್ತಾರೆ, ಪತ್ರಿಕೆ ಓದಲು ಅಲ್ಲ. ಹೋದ ಸೋಮವಾರ ಕೈ ಸಾಲದೆ ಆಟ ನಿಂತು ಪತ್ರಿಕೆ ತೆಗೆದರಂತೆ. ಊಟಕ್ಕೆ ಕುಳಿತಾಗ, ನಿನ್ನ ತಮ್ಮ ಎಷ್ಟು ಸೊಗಸಾಗಿ ಬರೆಯುತ್ತಾನೆ ಶಾಂತಾ, ಯಾವಾಗ ಬಂದು ಇಷ್ಟೆಲ್ಲ ಬೆಟ್ಟ ಹತ್ತಿದ, ನಮ್ಮ ಮನೆಗೂ ಬರಲಿಲ್ಲವಲ್ಲ ಎಂದರು. ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆನಂತೆ.

ಹಳೆಯ ಸಂಚಿಕೆಗಳನ್ನೆಲ್ಲ ತರಿಸಿದೆ. ಹನ್ನೊಂದು ಕಂತು. ಮೊದಲ ಐದಕ್ಕೆ 'ದುರ್ಗವಿಹಾರಿ' ಎಂದು ಹೆಸರು, ಆಮೇಲೆ ಧೈರ್ಯ ಬಂತೇನೋ, ನಿನ್ನ ನಿಜವಾದ ಹೆಸರೇ. ಒಂದೊಂದು ಸಾಲೂ ನನ್ನದು. ಇದ್ದಿಲು ಬಸ್ಸಿನ ಕೆಮ್ಮು ನನ್ನದು. ಬಂಡೆಯ ಕೆಳಗಿನ ಮಳೆ ನನ್ನದು. ನಾನು ರಾತ್ರಿ ಪಾತ್ರೆ ತೊಳೆದು, ಹಾಜರಿ ಪುಸ್ತಕ ಮುಗಿಸಿ, ತಮ್ಮನಿಗೆ ಬೆಟ್ಟ ಕಾಣಲಿ ಎಂದು ಬರೆದೆ. ನೀನು ನಕಲು ಮಾಡಿದೆ. 'ಅವಳು' ಇದ್ದ ಕಡೆ 'ನಾನು' ಹಾಕುವ ಕಷ್ಟವೂ ನಿನಗೆ ಬೀಳಲಿಲ್ಲ, ನಾನೇ 'ನಾನು' ಎಂದು ಬರೆದಿದ್ದೆನಲ್ಲ.

ಅಷ್ಟೇ ಆಗಿದ್ದರೆ ಒಂದು ವಾರ ಬೈದು ಸುಮ್ಮನಾಗುತ್ತಿದ್ದೆ. ದೋಟಿಯನ್ನು ನೀನು ಊರುಗೋಲು ಮಾಡಿದ್ದೀ, ಹೋಗಲಿ. ಕದಿರಮ್ಮ ಬೈರಮ್ಮ ನಿನ್ನ ಬರಹದಲ್ಲಿ ಎಲ್ಲಿದ್ದಾರೆ? 'ನನ್ನ ಸಾಮಾನು ಹೊತ್ತ ಇಬ್ಬರು ಕೂಲಿ ಹೆಂಗಸರು ಏದುಸಿರು ಬಿಡುತ್ತಾ ಹಿಂದೆ ಬರುತ್ತಿದ್ದರು.' ಅವರು ಏದುಸಿರು ಬಿಟ್ಟದ್ದನ್ನು ನಾನು ಹದಿನೈದು ತಿಂಗಳಿನಲ್ಲಿ ಒಂದು ದಿನ ನೋಡಿಲ್ಲ. ಹೊತ್ತದ್ದು ಸಾಮಾನನ್ನಲ್ಲ, ನನ್ನನ್ನು.

ಕಣಿವೆದುರ್ಗದ ಕಂತನ್ನು ಕೊನೆಗೆ ಓದಿದೆ. ಎರಡನೆಯ ಗೋಡೆಯ ಕೆಳಗೆ, ಬಡಗಣ ಮಗ್ಗುಲು, ಹೊರಗಿನಿಂದ ಕಾಣದ ಹಳ್ಳ, ದಟ್ಟವಾದ ಸೀಗೆ ಮೆಳೆ. ನಾನು ಕಳಿಸಿದ ನಕ್ಷೆಯನ್ನೂ ಅಚ್ಚು ಹಾಕಿಸಿದ್ದೀ. ಅದನ್ನು ನೋಡಿದ ಮೇಲೆ ಮೊನ್ನೆ ಶನಿವಾರ ಪತ್ರಿಕೆ ಹಿಡಿದುಕೊಂಡು ಮತ್ತೆ ಹಳ್ಳಿಗೆ ಹೋದೆ, ಓದಿ ಹೇಳಿ ಕಾಲಿಗೆ ಬೀಳೋಣ ಎಂದು. ಓದುವ ಅಗತ್ಯವೇ ಇರಲಿಲ್ಲ. ಡಿಸೆಂಬರಿನಲ್ಲಿಯೇ ಒಬ್ಬ ಗುತ್ತಿಗೆದಾರ ಆ ಬೆಟ್ಟದ ಸೀಗೆಯನ್ನು ಸರ್ಕಾರದ ಹರಾಜಿನಲ್ಲಿ ಹಿಡಿದಿದ್ದಾನೆ. ಅವನ ಗುಮಾಸ್ತ ಇದೇ ಸಂಚಿಕೆಯನ್ನು ತಂದು, ಹಳ್ಳಿಯ ಕಟ್ಟೆಯ ಮೇಲೆ ಓದಿ, ಎಲ್ಲರೆದುರು ನಕ್ಷೆ ತೋರಿಸಿ, ದಾರಿ ಇದೇ ತಾನೇ ಎಂದು ಕೇಳಿದನಂತೆ. ಅವನ ಆಳುಗಳು ಕಾಯಿ ಕೀಳುವ ಕಷ್ಟ ತೆಗೆದುಕೊಳ್ಳಲಿಲ್ಲ, ಬಳ್ಳಿಯನ್ನೇ ಕಡಿದು ಹೊತ್ತುಕೊಂಡು ಹೋದರು. ಬೈರಮ್ಮ ಉಳಿದ ಕಾಯಿ ಆಯಲು ಹೋದಾಗ ಅವಳ ದೋಟಿ, ಗೋಣಿಚೀಲ ಎರಡನ್ನೂ ಕಿತ್ತುಕೊಂಡು, ಕಳ್ಳಿ ಎಂದು ತಳ್ಳಿದರು.

ಕದಿರಮ್ಮ ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ಹೊಸ್ತಿಲ ಮೇಲೆ ಕುಳಿತು ಹೇಳಿದಳು.

"ನಾವು ನಿನ್ ಕೈ ಹಿಡ್ದು ಮ್ಯಾಲಕ್ಕೆ ಹತ್ತಿಸ್ದೊ ಟೀಚರಮ್ಮ. ನೀನು ಕೆಳಕ್ಕೆ ಬಂದು ನಮ್ ಮೆಳೆ ತೋರಿಸ್ಬುಟ್ಟೆ. ನಮ್ಮತ್ತೆ ನಂಗೆ ತೋರಿಸಿದ್ ಮೆಳೆ ಅದು. ನಾನ್ ನನ್ ಸೊಸೆಗೆ ಏನ್ ತೋರಿಸ್ಲಿ?"

ನನ್ನ ತಮ್ಮನಿಗೆ ಮಾತ್ರ ಬರೆದೆ ಎಂದು ಹೇಳಲು ಬಾಯಿ ತೆರೆದೆ. ಗಂಡನಿಗೂ ಹೇಳಬಾರದ್ದನ್ನು ತಮ್ಮನಿಗೆ ಹೇಳಬಹುದು ಎಂದು ನನಗೆ ಯಾರು ಹೇಳಿದ್ದರು? ನಿನ್ನ ಕಳ್ಳತನ ನಿನ್ನದು, ಈ ತಪ್ಪು ನನ್ನದು. ಎರಡನ್ನೂ ಹೊತ್ತವರು ಅವರು.

ಇನ್ನೂ ಒಂದಿದೆ. ರೀಡಿಂಗ್ ರೂಮಿನ ಕಾರ್ಯದರ್ಶಿಗಳು ನಿನ್ನೆ ನಮ್ಮ ಮನೆಗೆ ಬಂದಿದ್ದರು. ಯುಗಾದಿಯ ಮಾರನೆಯ ದಿನ ನಿನಗೆ ಸನ್ಮಾನವಂತೆ. ಬೆಳಗ್ಗೆ ನೀನು ಇಪ್ಪತ್ತು ಜನ ಗಂಡಸರನ್ನು ಕರೆದುಕೊಂಡು ರಾಯಕೋಟೆ ಹತ್ತಿಸುತ್ತೀಯಂತೆ, ಇಳಿದ ಮೇಲೆ ಹಾರ, ಶಾಲು. ನೀನು ಒಪ್ಪಿ ಕಾಗದ ಬರೆದಿದ್ದೀಯಂತೆ. ಇಪ್ಪತ್ತು ಜನಕ್ಕೆ ಉಪ್ಪಿಟ್ಟು ನನ್ನ ಜವಾಬ್ದಾರಿಯಂತೆ.

ಉತ್ತರ ಬರೆ.

ಶಾಂತಾಬಾಯಿ

*

ಮದರಾಸು
24 ಫೆಬ್ರುವರಿ 1947

ಅಕ್ಕ,

ನಮಸ್ಕಾರ ಬರೆಯುವ ಯೋಗ್ಯತೆ ಇಲ್ಲ ಎಂದು ಬಿಟ್ಟಿದ್ದೇನೆ.

ಮೊದಲ ಕಾಗದವನ್ನು ಭಾನುವಾರದ ಕೂಟದಲ್ಲಿ ಓದಿದಾಗ ಒಬ್ಬರು, ನೀವು ಯಾವಾಗ ಹೋಗಿದ್ದಿರಿ ಎಂದು ಕೇಳಿದರು. ನಾನು, ದೀಪಾವಳಿಗೆ ಎಂದುಬಿಟ್ಟೆ. ಅಷ್ಟರಿಂದ ಶುರುವಾಯಿತು. ಅವರೇ ಪತ್ರಿಕೆಗೆ ಕಳಿಸಲು ಹೇಳಿದರು. ಒಂದು ಬಂದ ಮೇಲೆ ಸಂಪಾದಕರು ಇನ್ನೊಂದು ಕೇಳಿದರು. ಆಫೀಸಿನಲ್ಲಿ ನಾನು ಯಾರ ಕಣ್ಣಿಗೂ ಬೀಳದೆ ಫೈಲು ಹೊಲಿಯುವವನು ಅಕ್ಕ. ಬೆಟ್ಟದವರು ಎಂದು ಜನ ಗುರುತಿಸಿ ಮಾತಾಡಿಸಿದರೆ ಹಿತವಾಗುತ್ತಿತ್ತು. ಮೆಳೆಯ ವಿಷಯ ಹೀಗಾಗುತ್ತದೆ ಎಂದು ದೇವರಾಣೆಗೂ ಹೊಳೆಯಲಿಲ್ಲ. ಅದು ನನಗೆ ಬರೀ ಚೆಂದದ ಒಂದು ಸಾಲಾಗಿತ್ತು.

ನಿನಗೆ ಇನ್ನೊಂದನ್ನು ಹೇಳಬೇಕು, ಇದುವರೆಗೆ ಯಾರಿಗೂ ಹೇಳಿಲ್ಲ. 1938ರಲ್ಲಿ ನಾನು ರಾಯಕೋಟೆ ಹತ್ತಿಲ್ಲ. ಎರಡನೆಯ ಬಾಗಿಲಿನ ಹತ್ತಿರ ಕೆಳಗೆ ನೋಡಿದೆ. ಕಾಲು ನಡುಗಿ ಅಲ್ಲೇ ಕುಳಿತುಬಿಟ್ಟೆ. ತೆವಳಿಕೊಂಡು ಇಳಿದೆ. ಮನೆಗೆ ಬಂದು ಗುರುತು ಹಾಕಿದೆ. ಪ್ರತಿ ಹಬ್ಬಕ್ಕೂ ರಜೆ ಇತ್ತು ಅಕ್ಕ. ಟಿಕೆಟ್ಟನ್ನೂ ಎರಡು ಸಲ ತೆಗೆದಿದ್ದೆ. ಬಂದರೆ ನಿನ್ನ ಜೊತೆ ಹತ್ತಬೇಕಾಗುತ್ತದೆ ಎಂದು ಬರಲಿಲ್ಲ.

ಈಗ ಯುಗಾದಿಗೆ ನಾಲ್ಕು ವಾರ. ಒಪ್ಪಿಕೊಂಡಿದ್ದೇನೆ, ಬರದಿದ್ದರೆ ಮಾನ ಹೋಗುತ್ತದೆ, ಬಂದರೂ ಹೋಗುತ್ತದೆ. ಎರಡನೆಯ ಬಾಗಿಲು ದಾಟಿದ ಮೇಲೆ ದಾರಿ ಎಡಕ್ಕೋ ಬಲಕ್ಕೋ, ಅಷ್ಟನ್ನಾದರೂ ತಿಳಿಸು. ಸಂಪಾದಕರು ಹನ್ನೆರಡನೆಯ ಕಂತನ್ನು ಯುಗಾದಿ ಸಂಚಿಕೆಗೆ ಹಾಕುತ್ತೇವೆ ಎಂದು ಮುಂಚೆಯೇ ಪ್ರಕಟಿಸಿಬಿಟ್ಟಿದ್ದಾರೆ. ಒಂಟಿದುರ್ಗದ ಬಗ್ಗೆ ನಿನಗೆ ಗೊತ್ತಿದ್ದದ್ದು ನಾಲ್ಕೇ ಸಾಲು ಬರೆದರೂ, ಈ ಸಲ ನಿನ್ನ ಹೆಸರಿನಲ್ಲಿಯೇ ಹಾಕಿಸುತ್ತೇನೆ.

ಗೋಪಿ

*

ಹೊಸೂರು
17 ಮಾರ್ಚ್ 1947

ಗೋಪಿ,

ತಪ್ಪೊಪ್ಪಿಕೊಳ್ಳುವ ಕಾಗದದಲ್ಲೂ ದಾರಿ ಕೇಳುತ್ತೀ, ಕಂತು ಕೇಳುತ್ತೀ. ಓದಿ ಕಾಗದವನ್ನು ಒಲೆಯ ಮುಂದೆ ಹಿಡಿದೆ, ಆಮೇಲೆ ಮಡಿಸಿ ಇಟ್ಟೆ. ರಾಯಕೋಟೆಯ ಎರಡನೆಯ ಬಾಗಿಲಿನ ಮಾತು ಅದರಲ್ಲಿತ್ತಲ್ಲ, ಅದಕ್ಕೆ.

ನಾನು ಮೂರು ಭಾನುವಾರ ಕದಿರಮ್ಮನ ಜೊತೆ ಹೋದೆ. ಬೆಟ್ಟ ಹತ್ತಲು ಅಲ್ಲ. ಹಳೆಯ ಮೆಳೆ ಹೋದ ಮೇಲೆ ಅವರು ಹೊಸದು ಹುಡುಕಬೇಕಿತ್ತು, ಹುಡುಕಲು ಇನ್ನೆರಡು ಕಣ್ಣು ಬೇಕಿತ್ತು. ಮೊದಲ ಭಾನುವಾರ ಯಾರೂ ನನ್ನನ್ನು ಮಾತಾಡಿಸಲಿಲ್ಲ. ನಾನೂ ಬಾಯಿ ಬಿಡದೆ ಆಯ್ದೆ, ಕೈಯೆಲ್ಲ ಮುಳ್ಳು ಗೀರಿ, ಸೋಮವಾರ ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಎರಡನೆಯ ಭಾನುವಾರ ಬೈರಮ್ಮ 'ಕೂ' ಎನ್ನು ಎಂದಳು. ಅಷ್ಟೇ ಮಾತು. ಮೂರನೆಯ ಭಾನುವಾರ ಮೂಟೆ ಕಟ್ಟುವಾಗ ಕದಿರಮ್ಮ ನನ್ನ ಕಡೆ ತಿರುಗದೆಯೇ ಹೇಳಿದಳು. "ಬರೋ ಶನಿವಾರ ಬಾ. ನಿನ್ ಹನ್ನೆಲ್ಡು ಮುಗಿಸ್ಬುಡಾನ. ಅಲ್ಲಿ ಕಂಡಿದ್ದು ನಿನ್ ಹೊಟ್ಟೇಲೇ ಇರ್ಬೇಕು. ಆಯ್ತದಾ?"

ಆಗುತ್ತದೆ ಎಂದೆ.

ಮೊನ್ನೆ ಶನಿವಾರ ಒಂಟಿದುರ್ಗ ಹತ್ತಿದೆ. ಆ ಬೋಳು ಬಂಡೆಯಲ್ಲಿ ಕದಿರಮ್ಮ ಮೇಲೆ, ಬೈರಮ್ಮ ಕೆಳಗೆ, ನಡುವೆ ನಾನು. ತುದಿಯ ಮೇಲೆ ಮೂವರೂ ನಿಂತೆವು. ಗೋಡೆಯ ಪಟ್ಟಿಯಲ್ಲಿ ಹನ್ನೆರಡನೆಯ ಗುರುತು ಹಾಕಿದ್ದೇನೆ, 1938ರ ನಿನ್ನ ಗುರುತನ್ನು ಅಳಿಸಿದ್ದೇನೆ.

ಅಲ್ಲಿ ಏನು ಕಂಡಿತು ಎಂದು ನಿನಗೆ ಬರೆಯುವುದಿಲ್ಲ. ನಾಲ್ಕು ಸಾಲೂ ಇಲ್ಲ, ಒಂದು ಸಾಲೂ ಇಲ್ಲ, ನನ್ನ ಹೆಸರಿನಲ್ಲಿಯೂ ಬೇಡ. ನಿನ್ನ ಭಾವನವರಿಗೂ ಹೇಳಿಲ್ಲ, ಅವರು ಎರಡು ದಿನದಿಂದ ಊಟದ ಎಲೆಯ ಮುಂದೆ ಕುಳಿತು ಕೇಳುತ್ತಿದ್ದಾರೆ. ಹೇಳದೆ ಇರುವುದು ಬಹಳ ಕಷ್ಟ ಗೋಪಿ. ಹದಿನಾರು ತಿಂಗಳು ಒದ್ದಾಡಿ ಹತ್ತಿದ್ದನ್ನು ಒಬ್ಬರ ಮುಂದೆಯೂ ಹೇಳಿಕೊಳ್ಳುವ ಹಾಗಿಲ್ಲವಲ್ಲ ಎಂದು ಸಿಟ್ಟೂ ಬರುತ್ತದೆ. ಆದರೂ ಅದು ನಮ್ಮ ಮೂವರದೇ ಎಂದು ನೆನೆದರೆ ನಗು ಬರುತ್ತದೆ. ಸಂಪಾದಕರಿಗೆ ಏನು ಹೇಳಬೇಕೋ ನೀನೇ ಬರೆ. ಹನ್ನೆರಡರಲ್ಲಿ ಒಂದನ್ನೂ ನಾನು ಹತ್ತಿಲ್ಲ ಎಂದು ಬರೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಕಾರ್ಯದರ್ಶಿಗಳಿಗೆ ನಾನು ಏನೂ ಹೇಳಿಲ್ಲ. ಯುಗಾದಿಯ ಮಾರನೆಯ ದಿನ ಬಾ. ರಾಯಕೋಟೆಯ ಬುಡದಲ್ಲಿ ಕದಿರಮ್ಮ ಬೈರಮ್ಮ ನಿಂತಿರುತ್ತಾರೆ, ಕೇಳಿಕೊಂಡಿದ್ದೇನೆ. ಆ ಇಪ್ಪತ್ತು ಜನರ ಮುಂದೆ ಇವರು ಯಾರು, ನೀನು ಇವರಿಗೆ ಏನು ಮಾಡಿದೆ ಎಂದು ನಿನ್ನ ಬಾಯಿಂದ ಹೇಳು. ಹೇಳಿದರೆ ಅವರು ನಿನ್ನನ್ನು ಹತ್ತಿಸುತ್ತಾರೆ, ಎಡಕ್ಕೋ ಬಲಕ್ಕೋ ಅವರಿಗೆ ಗೊತ್ತು. ಹೇಳದಿದ್ದರೆ ಅವರು ಮನೆಗೆ ಹೋಗುತ್ತಾರೆ, ನಾನೂ ಅವರ ಹಿಂದೆ ಹೋಗುತ್ತೇನೆ, ಉಪ್ಪಿಟ್ಟಿನ ಪಾತ್ರೆಯನ್ನೂ ತೆಗೆದುಕೊಂಡು.

ಎರಡನೆಯ ಬಾಗಿಲಿನ ಹತ್ತಿರ ಕಾಲು ನಡುಗಿದರೆ ನಾಚಿಕೊಳ್ಳಬೇಡ. ನನಗೂ ಅಲ್ಲಿ ನಡುಗಿತ್ತು, ಆಮೇಲಿನ ಹನ್ನೊಂದರಲ್ಲೂ ನಡುಗಿತು. ಮೊನ್ನೆ ಬಂಡೆಯ ಮೇಲೆ ಅತ್ತುಬಿಟ್ಟೆ. ನೀನು ಹೆದರದೆ ಹತ್ತಿದ್ದ ಬೆಟ್ಟ ಎಂದುಕೊಂಡು ಅದೊಂದನ್ನು ನಾನು ಯಾವ ಕಾಗದದಲ್ಲೂ ಬರೆಯಲಿಲ್ಲ. ಆದ್ದರಿಂದ ನೀನೂ ಅಚ್ಚು ಹಾಕಿಸಲಿಲ್ಲ.

ಶಾಂತಕ್ಕ